ಶಹಾ ಬಿದ್ದ ಮೇಲೆ

ಪಾಯಪ್ಪನ ಎದುರು ಬುದ್ಧಿಬಳ ಆಡಲು ಕೂತವರು ಹತ್ತು ನಡೆಯೊಳಗೆ ಒಂದು ಶಹಾ, ಅಂದರೆ ರಾಜನ ಮೇಲೆ ನೇರ ಏಟು, ತಿನ್ನದೆ ಎದ್ದ ದಿನವಿರಲಿಲ್ಲ. ಅದು ಅವನ ಹಟ. ಖಾನಾಪುರದ ಕಡೆ ಚದುರಂಗವನ್ನು ಆಗ ಹಳೆಯ ರೀತಿಯಲ್ಲೇ ಆಡುತ್ತಿದ್ದರು. ಕಾಲಾಳು ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯಬೇಕು. ರಾಜನಿಗೆ ಮಾತ್ರ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ಜಿಗಿಯುವ ಹಕ್ಕು. ಆ ಜಿಗಿತದಿಂದ ಅವನು ನಡುಬೀದಿ ಬಿಟ್ಟು ಮೂಲೆ ಸೇರಿ ಹಾಯಾಗಿ ಇರಬಹುದು. ಆದರೆ ಜಿಗಿಯುವ ಮೊದಲೇ ಅವನಿಗೆ ಒಂದು ಶಹಾ ಬಿತ್ತೋ, ಹಕ್ಕು ಹೋಯಿತು. ಶಹಾಕ್ಕೆ ಏನನ್ನಾದರೂ ಅಡ್ಡ ಇಟ್ಟು ರಾಜ ಕೂತಲ್ಲೇ ಕೂತಿದ್ದರೂ ಹೋಯಿತೆಂದರೆ ಹೋಯಿತೇ.

ಆದ್ದರಿಂದ ಪಾಯಪ್ಪ ಮೊದಲ ನಡೆಗಳಲ್ಲಿ ಬೇರೆ ಏನನ್ನೂ ನೋಡುತ್ತಿರಲಿಲ್ಲ. ಒಂದು ಪ್ಯಾದೆ ಸರಿಸಿ ಒಂಟೆಗೆ ದಾರಿ ಬಿಡಿಸಿ, ಒಂಟೆಯನ್ನು ಓರೆಯಾಗಿ ಓಡಿಸಿ ಎದುರಾಳಿಯ ರಾಜನಿಗೆ ಶಹಾ ಕೊಡುತ್ತಿದ್ದ. ಆ ಒಂಟೆ ಸತ್ತರೂ ಅವನಿಗೆ ಚಿಂತೆಯಿಲ್ಲ. "ರಾಜನ ಕಾಲ ಕಟ್ಟೇನಿ ನೋಡ. ಇನ್ನ ಎಲ್ಲಿ ಹೊಕ್ಕಾನ?" ಎಂದು ಮೀಸೆಯಲ್ಲೇ ನಗುತ್ತಿದ್ದ. ಅವನ ಆಟವೆಲ್ಲ ಈ ಒಂದು ನಿಯಮದ ಮೇಲೆ ನಿಂತಿತ್ತು.

ಹೊಟ್ಟೆಪಾಡಿಗೆ ಅವನು ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿದ್ದ. ಭಟ್ಟಿಯಿಂದ ಬಂದ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು, ದನಿ ಕೇಳಿ, ಗಟ್ಟಿಯಾದದ್ದು ಯಾವುದು, ಒಳಗೆ ಬಿರುಕು ಬಿಟ್ಟದ್ದು ಯಾವುದು ಎಂದು ಬೇರೆ ಮಾಡುವುದು ಅವನ ಕೆಲಸ. ಈ ಕೆಲಸದಲ್ಲಿ ಅವನ ಮಾತಿಗೆ ಮಾಲಕರೂ ಎದುರಾಡುತ್ತಿರಲಿಲ್ಲ. ದಿನವಿಡೀ ತನ್ನ ತೀರ್ಪೇ ಕಡೆಯ ತೀರ್ಪಾಗುವ ಮನುಷ್ಯನಿಗೆ ಇನ್ನೊಬ್ಬರನ್ನು ಕೇಳಿ ತಿಳಿಯುವ ರೂಢಿ ತಪ್ಪಿಹೋಗುತ್ತದೆ. ಪಾಯಪ್ಪ ಕೆಟ್ಟವನಲ್ಲ, ಆದರೆ ಆ ರೂಢಿ ತಪ್ಪಿದವನು.

ಅವನಿಗೆ ರಾಜಮತಿ ಒಬ್ಬಳೇ ಮಗಳು. ಏಳು ವರ್ಷದವಳಿದ್ದಾಗ ಅಪ್ಪನ ಬಾಜು ಕೂತು ನೋಡಿಯೇ ಆಟ ಕಲಿತಳು. ಹನ್ನೆರಡಕ್ಕೆ ಅಪ್ಪನನ್ನು ಸೋಲಿಸಿದಳು. ಹೇಗೆಂದರೆ, ಅವನ ಒಂಟೆ ಬರುವ ಓರೆ ಹಾದಿಯಲ್ಲಿ ಮೊದಲೇ ಒಂದು ಪ್ಯಾದೆ ನಿಲ್ಲಿಸಿ, ಐದನೆಯ ನಡೆಗೇ ರಾಜನನ್ನು ಜಿಗಿಸಿ ಮೂಲೆಗೆ ಕೂಡಿಸಿ, "ಈಗ ಕಟ್ಟಪ್ಪಾ ಕಾಲ" ಅಂದಳು. ಪಾಯಪ್ಪ ಅವತ್ತು ಸೋತ ಖುಷಿಗೆ ಕಾರ್ಖಾನೆಯವರಿಗೆಲ್ಲ ಪೇಢೆ ಹಂಚಿದ. ಅವನ ಹೆಂಡತಿ ಸೋನಾಬಾಯಿ, "ಸೋತದ್ದಕ್ಕ ಪೇಢೆ ಹಂಚಾವ್ರನ್ನ ಎಲ್ಲೆರ ನೋಡಿದ್ರೇನ್ರಿ?" ಎಂದು ಓಣಿಯವರ ಮುಂದೆ ಮೂಗು ಮುರಿದರೂ ಒಳಗೆ ಅವಳಿಗೂ ಹೆಮ್ಮೆಯೇ.

ಹೊಸ ರೀತಿಯ ಆಟ ಅವರ ಮನೆಗೆ ಬಂದದ್ದು ಎಪ್ಪತ್ತಾರರಲ್ಲಿ. ಬೆಳಗಾವಿಯ ಸದಾಶಿವನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಬಾಳಾಸಾಹೇಬ ಎಂಬ ಕಾಲೇಜು ಮಾಸ್ತರರು ಹಂಚು ಒಯ್ಯಲು ಕಾರ್ಖಾನೆಗೆ ಬಂದಿದ್ದರು. ಊಟದ ಹೊತ್ತಿನಲ್ಲಿ ಪಾಯಪ್ಪನ ಪಟ ಕಂಡು, ಇವರಿನ್ನೂ ಹಳೆಯದನ್ನೇ ಆಡುತ್ತಾರಲ್ಲ ಎಂದು ಕನಿಕರಿಸಿ, ಲಾರಿ ತುಂಬುವಷ್ಟರಲ್ಲಿ ನಿಂತುಕೊಂಡೇ ಹೊಸ ನಿಯಮ ಹೇಳಿದರು. ಪ್ಯಾದೆ ಮೊದಲಿಗೆ ಎರಡು ಮನೆ ಹೋಗಬಹುದು. ರಾಜನ ಜಿಗಿತ ಇಲ್ಲ. ಅದರ ಬದಲು ಕೋಟೆ: ರಾಜ ಆನೆಯ ಕಡೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಆಚೆ ಬಾಜು ನಿಲ್ಲುತ್ತದೆ.

"ಅಂದ್ರ ಇದು ನಮ್ಮ ಜಿಗತಾನ ಆತು ಬಿಡ್ರಿ, ಅಂಗಿ ಬ್ಯಾರೆ ಅಷ್ಟ" ಎಂದ ಪಾಯಪ್ಪ.

"ಹಂಗ ತಿಳ್ಕೋರಿ" ಎಂದು ಬಾಳಾಸಾಹೇಬರು ಲಾರಿ ಹತ್ತಿದರು.

ಪಾಯಪ್ಪ ಹಾಗೇ ತಿಳಿದುಕೊಂಡ. ಜಿಗಿತವೇ ಕೋಟೆಯಾದ ಮೇಲೆ ಜಿಗಿತದ ಕಟ್ಟಳೆಯೂ ಕೋಟೆಗೆ ಬಂತಲ್ಲ! ಒಮ್ಮೆ ಶಹಾ ಬಿದ್ದರೆ ಕೋಟೆಯ ಹಕ್ಕೂ ಹೋಯಿತು. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಅವನು ಯಾರನ್ನೂ ಕೇಳಲಿಲ್ಲ. ಮಗಳಿಗೂ ಹಾಗೇ ಕಲಿಸಿದ. ಅಪ್ಪ ಮಗಳು ಆಡುವುದು ತಮ್ಮತಮ್ಮಲ್ಲೇ, ತಪ್ಪು ಹಿಡಿಯುವವರು ಯಾರು?

ಎರಡು ವರ್ಷ ಕೂತು ಇಬ್ಬರೂ ಹೊಸ ಆಟಕ್ಕೆ ಒಂದು ಆರಂಭ ಕಟ್ಟಿದರು. ರಾಜನ ಮುಂದಿನ ಪ್ಯಾದೆ ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ, ನಾಲ್ಕನೆಯ ನಡೆಗೆ ಕೋಟೆ. ಶಹಾ ಬೀಳುವ ಮೊದಲೇ ರಾಜ ಒಳಗೆ. ಆಮೇಲೆ ಏನು ಮಾಡಬೇಕೆಂಬುದನ್ನು ರಾಜಮತಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನ ಆಟ ಕಲಿತು ಬಂದದ್ದು, ಅವಳದು ಹುಟ್ಟಿನಿಂದಲೇ ಬಂದದ್ದು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಬೆಳಗಾವಿಯ ಒಂದು ಸಾಲೆಯ ಸಭಾಗೃಹದಲ್ಲಿ ಜಿಲ್ಲೆಯ ಹುಡುಗಿಯರ ಪಂದ್ಯ ಏರ್ಪಟ್ಟಿತು. ಮುಂದೆ ನಿಂತು ನಡೆಸುತ್ತಿದ್ದವರು ಬಾಳಾಸಾಹೇಬರೇ. ಮೊದಲಿಬ್ಬರು ರಾಜ್ಯದ ಪಂದ್ಯಕ್ಕೆ. ರಾಜ್ಯಕ್ಕೆ ಹೋದ ಹುಡುಗಿಗೆ ತಮ್ಮ ಕಾಲೇಜಿನಲ್ಲಿ ಸೀಟು, ಹಾಸ್ಟೆಲು ಎರಡನ್ನೂ ಕೊಡಿಸುವುದಾಗಿ ಅವರು ಮಾತು ಕೊಟ್ಟಿದ್ದರು. ರಾಜಮತಿ ಆಗಷ್ಟೇ ಹತ್ತನೆಯದು ಮುಗಿಸಿದ್ದಳು. ಸೋನಾಬಾಯಿಯ ಅಣ್ಣ ನಂದಗಡದ ಒಂದು ಸಂಬಂಧ ಹಿಡಿದುಕೊಂಡು ಕೂತಿದ್ದ.

ಸೋನಾಬಾಯಿ ಗಂಡನಿಗೆ ಸ್ಪಷ್ಟವಾಗಿ ಹೇಳಿದಳು: "ಆಕಿ ಆರಿಸಿ ಬಂದ್ರ ಕಾಲೇಜಿಗೆ ಕಳಸೂಣ್ರಿ, ನಾ ಅಡ್ಡ ಬರೂದಿಲ್ಲ. ಇಲ್ಲಂದ್ರ ನಂದಗಡದಾವ್ರಿಗೆ ಹೂಂ ಅನ್ನೂಣು. ನೀವು ಆಗ ಅಡ್ಡ ಬರಬ್ಯಾಡ್ರಿ."

ಪಾಯಪ್ಪ ಒಪ್ಪಿದ. ಸೋಲುತ್ತಾಳೆಂಬ ಮಾತು ಅವನ ತಲೆಯಲ್ಲಿ ಇದ್ದರೆ ತಾನೇ?

ಎರಡು ದಿನದಲ್ಲಿ ನಾಲ್ಕು ಆಟ, ನಾಲ್ಕನ್ನೂ ಗೆದ್ದಳು. ನಾಲ್ಕರಲ್ಲೂ ಶಹಾ ಬೀಳುವ ಮುಂಚೆಯೇ ಕೋಟೆ ಕಟ್ಟಿ ಕೂತಳು. ಮೂರನೆಯ ದಿನ ಕಡೆಯ ಆಟ. ಅದು ಸಮ ಆದರೂ ಸಾಕಿತ್ತು. ಎದುರಾಳಿ ಬೆಳಗಾವಿಯವಳೇ ಒಬ್ಬ ಹುಡುಗಿ, ಹಿಂದಿನ ದಿನ ರಾಜಮತಿಯ ಹಿಂದೆ ನಿಂತು ಆಟ ನೋಡಿಹೋದವಳು.

ಪಾಯಪ್ಪನಿಗೆ ಅದೇ ಚಿಂತೆಯಾಯಿತು. ಬೆಳಗಿನ ರೈಲಿನಲ್ಲಿ ಖಾನಾಪುರ ಬಿಟ್ಟಾಗಿನಿಂದ ಲೆಕ್ಕ ಹಾಕುತ್ತಲೇ ಇದ್ದವನು ದೇಸೂರ ಬಂದಾಗ ತೀರ್ಮಾನಕ್ಕೆ ಬಂದ.

"ರಾಜೀ, ಇವತ್ತ ಆ ಆಟ ಬ್ಯಾಡ. ಆಕಿ ನೋಡ್ಯಾಳ. ವಜೀರನ ಮುಂದಿನ ಪ್ಯಾದಿ ಎತ್ತ. ಅದರ ಬಾಜೂದು ಒಂಟೀ ಮುಂದಿನ ಪ್ಯಾದೀನೂ ಎರಡ ಮನಿ ತಗಿ. ನಡುವ ಜಾಗಾ ಎಲ್ಲಾ ನಿಂದ ಆಕ್ಕೈತಿ."

"ಅಪ್ಪಾ, ಅದರಾಗ ಕೋಟಿ ತಡಾ ಆಕ್ಕೈತಿ. ರಾಜನ ಓರಿ ಹಾದಿನೂ ತೆರಕೋತೈತಿ."

"ತೆರಕೊಂಡ್ರ ತೆರಕೊಳ್ಳಲಿ. ಆ ಹುಡಗಿಗೆ ಅಷ್ಟ ಎಲ್ಲಿ ಹೊಳಿತೈತಿ?"

ರಾಜಮತಿ ಕಿಟಕಿಯ ಹೊರಗೆ ನೋಡಿದಳು. ಆಮೇಲೆ "ಆತಪ್ಪಾ" ಅಂದಳು.

ಆ ಹುಡುಗಿಗೆ ಎರಡನೆಯ ನಡೆಯಲ್ಲೇ ಹೊಳೆಯಿತು. ವಜೀರನ ಪ್ಯಾದೆ ಮುಂದೆ ಹೋಗಿ, ಒಂಟೆಯ ಪ್ಯಾದೆ ಅದರ ಬಾಜು ನಿಂತದ್ದೇ ತಡ, ಅವಳ ಕಪ್ಪು ಒಂಟೆ ಓರೆಯಾಗಿ ಅಡ್ಡಪಟ ದಾಟಿ ಬಂದು ಬಿಳಿಯ ರಾಜನಿಗೆ ಶಹಾ ಕೊಟ್ಟಿತು. ಪಡಸಾಲೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಪಾಯಪ್ಪ ಹಣೆ ಚಚ್ಚಿಕೊಂಡ. ತಾನು ಜೀವಮಾನವಿಡೀ ಮಂದಿಗೆ ಮಾಡಿದ್ದನ್ನೇ ಈ ಪೋರಿ ತನ್ನ ಮಗಳಿಗೆ ಮಾಡಿದ್ದಳು. ರಾಜನ ಕಾಲು ಕಟ್ಟಿಯಾಯಿತು.

ರಾಜಮತಿ ತನ್ನ ಒಂಟೆಯನ್ನು ಅಡ್ಡ ಇಟ್ಟಳು. ಕಪ್ಪು ಒಂಟೆ ಅದನ್ನು ಹೊಡೆಯಿತು, ಎಲ್ಲಕ್ಕಿಂತ ಬಲದ ಕಾಯಿಯಾದ ಅವಳ ವಜೀರ ಆ ಕಪ್ಪು ಒಂಟೆಯನ್ನು ಹೊಡೆದ. ರಾಜ ಮಾತ್ರ ಇದ್ದ ಜಾಗದಿಂದ ಕದಲಲಿಲ್ಲ. ಕುದುರೆಗಳು ಬಂದವು, ಇನ್ನೊಂದು ಒಂಟೆಯೂ ಹೊರಬಿತ್ತು. ಎಂಟು ನಡೆಗಳಾದಾಗ ರಾಜನಿಗೂ ಮೂಲೆಯ ಆನೆಗೂ ನಡುವೆ ಹಾದಿ ಪೂರ್ತಿ ಖಾಲಿ. ಕಪ್ಪು ಕಾಯಿಗಳು ನಡುವೆ ಜಮಾಯಿಸುತ್ತಿದ್ದವು. ಈ ನಡೆ ರಾಜ ಒಳಗೆ ಹೋದರೆ ಭಯವಿಲ್ಲ.

ರಾಜಮತಿ ನೀರು ಕುಡಿಯುವ ನೆವದಿಂದ ಎದ್ದು ಪಡಸಾಲೆಯ ಕೊಡದ ಹತ್ತಿರ ಬಂದಳು. ಆಟದ ನಡುವೆ ಯಾರೊಡನೆಯೂ ಮಾತಾಡಬಾರದೆಂಬುದು ಇಬ್ಬರಿಗೂ ಗೊತ್ತು. ಆದರೂ ತಂಬಿಗೆ ಮುಳುಗಿಸುತ್ತ ಮೆಲ್ಲಗೆ ಕೇಳಿದಳು, "ಅಪ್ಪಾ, ಹಾದಿ ಖಾಲಿ ಐತಿ. ಕೋಟಿ ಕಟ್ಟಲಿ?"

"ಹುಚ್ಚಿ ಏನ ನೀ? ಶಹಾ ಬಿದ್ದೈತಲ್ಲ. ಕಟ್ಟಾಕ ಹೋದಿ ಅಂದ್ರ ಇಷ್ಟ ಮಂದ್ಯಾಗ ಕೈ ಹಿಡೀತಾರ. ನಡಸ್ಕೊಂಡ ಹೋಗ ರಾಜನ್ನ."

"ಒಂದ ಮಾತು ಬಾಳಾಸಾಹೇಬ ಸರ್‌ನ ಕೇಳ್ಲೇನ?"

ಪಾಯಪ್ಪನಿಗೆ ಸಿಟ್ಟು ಬಂತು. "ನೀ ಹುಟ್ಟೂಕಿಂತ ಮೊದಲಿನಿಂದ ಆಡೇನಿ. ನನ್ನ ಮಾತಿನ ಮ್ಯಾಲೆ ಇನ್ನೊಬ್ರನ್ನ ಕೇಳ್ತೀಯೇನ?"

ರಾಜಮತಿ ತಂಬಿಗೆ ಇಟ್ಟು ಒಳಗೆ ಹೋದಳು. ಮೂಲೆಗೆ ಸೇರಿಸಲು ರಾಜನನ್ನು ಒಂದು ಮನೆ ಸರಿಸಿದಳು, ದಾರಿಗಾಗಿ ಪ್ಯಾದೆ ಎತ್ತಿದಳು, ಮತ್ತೊಂದು ಮನೆ ಸರಿಸಿದಳು. ಒಂದೇ ನಡೆಯಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ಮೂರು ನಡೆ. ಆ ಮೂರು ನಡೆಗಳಲ್ಲಿ ಎದುರಾಳಿ ನಡುವಿನ ಪ್ಯಾದೆಗಳನ್ನು ಒಡೆದು ದಾರಿ ಮಾಡಿಕೊಂಡಳು. ರಾಜಮತಿಯ ಮೂಲೆಯ ಆನೆ ಹೊರಬರಲಾಗದೆ ಅಲ್ಲೇ ಸಿಕ್ಕಿಬಿದ್ದಿತ್ತು. ಇಪ್ಪತ್ತಾರನೆಯ ನಡೆಗೆ ಮಾತ್ ಆಯಿತು. ಸೋತು ಅರ್ಧ ಅಂಕದಿಂದ ಅವಳು ಮೂರನೆಯ ಸ್ಥಾನಕ್ಕೆ ಬಿದ್ದಳು.

ಅವಳು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದವಳು ಅಳಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ ಪಾಯಪ್ಪನೇ ಮಾತಾಡಿದ. ಆರಂಭ ಸರಿಯಿತ್ತು, ಮೊದಲ ಎಂಟು ನಡೆಗಳಲ್ಲಿ ಒಂದೂ ತಪ್ಪಿಲ್ಲ, ಆಮೇಲೆ ಎಲ್ಲೋ ಕೈ ತಪ್ಪಿತು ಎಂದು ಬಿಡಿಸಿ ಬಿಡಿಸಿ ಹೇಳಿದ. "ಹೌದಪ್ಪಾ, ನನ್ನ ತಲಿ ಓಡಲಿಲ್ಲ" ಅಂದಳು. ಮರುದಿನ ಕಾರ್ಖಾನೆಯಲ್ಲಿ ಕೇಳಿದವರಿಗೆಲ್ಲ ಪಾಯಪ್ಪ ಹೇಳಿದ: "ಕಲಿಸಿದ್ದು ಬರೋಬರಿ ಇತ್ತು. ಹುಡಗಿ ಅಂಜಿ ಬಿಟ್ಲು." ಈ ಮಾತನ್ನು ಅವನು ಹತ್ತಾರು ಸಲ ಹೇಳಿರಬೇಕು. ಮಗಳು ಕೇಳಿಸಿಕೊಳ್ಳುವಂತೆಯೇ ಒಂದೆರಡು ಸಲ ಹೇಳಿದ.

ಆಡಿದ ಮಾತಿಗೆ ತಪ್ಪುವಂತಿರಲಿಲ್ಲ. ದೀಪಾವಳಿ ಕಳೆದ ಮೇಲೆ ರಾಜಮತಿಯನ್ನು ನಂದಗಡದ ಭೀಮಗೊಂಡನಿಗೆ ಕೊಟ್ಟು ಮದುವೆ ಮಾಡಿದರು. ಭೀಮಗೊಂಡ ಕಿರಾಣಿ ಅಂಗಡಿಯವನು, ತಣ್ಣಗಿನ ಮನುಷ್ಯ. ಹೆಂಡತಿಗೆ ಒಂದು ಕೆಟ್ಟ ಮಾತು ಆಡಿದವನಲ್ಲ. ಅವನನ್ನು ದೂರಿ ಎದೆ ಹಗುರ ಮಾಡಿಕೊಳ್ಳೋಣವೆಂದರೆ ರಾಜಮತಿಗೆ ಅದಕ್ಕೂ ಎಡೆಯಿರಲಿಲ್ಲ. ಮಗಳ ಪೆಟ್ಟಿಗೆಯಲ್ಲಿ ಪಾಯಪ್ಪ ಒಂದು ಹೊಸ ಪಟ, ಒಂದು ಜೊತೆ ಕಾಯಿ ಇಟ್ಟು ಕಳಿಸಿದ್ದ. ನಂದಗಡಕ್ಕೆ ಹೋದಾಗಲೆಲ್ಲ, "ಒಂದ ಆಟ ಹಾಕೂಣೇನ?" ಎಂದು ಕೇಳುತ್ತಿದ್ದ. ಅವಳು ಪ್ರತಿ ಸಲ ಏನಾದರೂ ಕೆಲಸ ಹುಡುಕಿ ಎದ್ದು ಹೋಗುತ್ತಿದ್ದಳು. "ಈಗ ತಲಿ ಓಡೂದಿಲ್ಲಪ್ಪಾ." ಒಂದು ಸೋಲಿಗೆ ಇಷ್ಟು ಹೆದರಿದಳಲ್ಲ ಎಂದು ಪಾಯಪ್ಪನಿಗೆ ಒಮ್ಮೊಮ್ಮೆ ಬೇಸರವೂ ಆಗುತ್ತಿತ್ತು. ಅವನಿಗೆ ಬೇಸರ ಮಗಳ ಮೇಲೆ! ಅದನ್ನು ಆಮೇಲೆ ನೆನೆದು ನೆನೆದು ಅವನು ಸುಟ್ಟುಕೊಂಡದ್ದು ಅಷ್ಟಿಷ್ಟಲ್ಲ.

ಎಂಬತ್ತೈದರ ಚಳಿಗಾಲದಲ್ಲಿ ಖಾನಾಪುರದ ಸಾಲೆಗೆ ಗುರುಸಿದ್ದ ಎಂಬ ಹೊಸ ಮಾಸ್ತರರು ವರ್ಗವಾಗಿ ಬಂದರು. ಅವರಿಗೂ ಆಟದ ಹುಚ್ಚು. ಒಂದು ಭಾನುವಾರ ಪಾಯಪ್ಪನ ಕಟ್ಟೆಗೆ ಬಂದು ಕೂತರು. ಪಾಯಪ್ಪ ಎಂದಿನಂತೆ ಒಂಟೆ ಓಡಿಸಿ ಶಹಾ ಕೊಟ್ಟ.

"ಕಾಲ ಕಟ್ಟೇನ್ರಿ ಮಾಸ್ತರ. ಇನ್ನ ನಿಮ್ಮ ರಾಜ ನಡಬೀದಿನ್ಯಾಗ."

ಮಾಸ್ತರರು ಒಂದು ಪ್ಯಾದೆ ಅಡ್ಡ ಇಟ್ಟರು. ನಾಲ್ಕು ನಡೆ ಬಿಟ್ಟು ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಆಚೆ ದಾಟಿಸಿ ಕೋಟೆ ಕಟ್ಟಿದರು.

"ಹಾಂ ಹಾಂ, ಅದೆಂಗ ನಡೀತೈತ್ರಿ? ಶಹಾ ಬಿದ್ದೈತಿ."

"ಬಿದ್ರೇನಾತ್ರಿ ಪಾಯಪ್ಪಣ್ಣ? ರಾಜ ಕದಲಿಲ್ಲಲ್ಲ. ಈಗ ಶಹಾ ಇಲ್ಲ, ದಾಟೂ ಮನಿಗೆ ಯಾರ್ದೂ ಏಟಿಲ್ಲ. ಧಾರಾಳ ಕಟ್ಟಬೌದು."

"ಅದು ನಿಮ್ಮ ಊರಾಗ ಇರಬೇಕು."

ಮಾಸ್ತರರು ಜಗಳಗಂಟರಲ್ಲ. ಸಂಜೆ ಮನೆಯಿಂದ ಒಂದು ನಿಯಮದ ಪುಸ್ತಕ ತಂದು, ಆ ಪುಟ ತೆಗೆದು, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿ ತೋರಿಸಿದರು. ಪಾಯಪ್ಪ ಎರಡು ಸಲ ಹೇಳಿಸಿಕೊಂಡ. ಅವನಿಗೆ ಮಾಸ್ತರರು ಕಾಣುತ್ತಿರಲಿಲ್ಲ, ಪುಸ್ತಕವೂ ಕಾಣುತ್ತಿರಲಿಲ್ಲ. ನೀರಿನ ಕೊಡದ ಹತ್ತಿರ ನಿಂತು ಕೋಟೆ ಕಟ್ಟಲೇ ಎಂದು ಕೇಳಿದ ಹದಿನಾರರ ಹುಡುಗಿ ಕಾಣುತ್ತಿದ್ದಳು. ಅವಳಿಗೆ ಅನುಮಾನ ಬಂದಿತ್ತು. ಒಂದು ಮಾತು ಕೇಳುತ್ತೇನೆ ಅಂದಿದ್ದಳು. ಇವನು ಬಿಡಲಿಲ್ಲ.

ಎಂಟು ದಿನ ಅವನು ಕಾರ್ಖಾನೆಗೆ ಹೋದ, ಹಂಚು ಬಡಿದ, ಮನೆಗೆ ಬಂದ. ಸೋನಾಬಾಯಿ ಏನಾಯಿತೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಹೇಳಿದರೆ ಮಗಳ ಹಳೆಯ ಗಾಯ ಕೆದಕಿದಂತೆ. ಹೇಳದಿದ್ದರೆ ತಾನು ಅಂಜುಬುರುಕಿ, ತನ್ನ ತಲೆ ಸರಿಯಿಲ್ಲ ಎಂದು ಅವಳು ಬದುಕಿರುವ ತನಕ ನಂಬಿಕೊಂಡೇ ಇರಬೇಕು. ಒಂಬತ್ತನೆಯ ದಿನ ರಜೆ ಹಾಕಿ ನಂದಗಡದ ಬಸ್ಸು ಹತ್ತಿದ.

ರಾಜಮತಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಭೀಮಗೊಂಡ ಅಂಗಡಿಯಲ್ಲಿದ್ದ. ಅವಳು ಕೊಟ್ಟ ನೀರು ಕುಡಿಯದೆ ಪಾಯಪ್ಪ ತಂಬಿಗೆ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟ. ಮಾಸ್ತರರು ಬಂದದ್ದು, ಪುಸ್ತಕ ತೋರಿಸಿದ್ದು, ಆ ದಿನ ಅವಳು ಕೋಟೆ ಕಟ್ಟಬಹುದಾಗಿತ್ತೆಂಬುದು. "ನಿನ್ನ ತಪ್ಪಿರಲಿಲ್ಲ ರಾಜೀ. ನಾನ ನಿನ್ನ ಮುಳಗಿಸಿದ್ನಿ" ಅಂದ.

ಮೊರದಲ್ಲಿ ಅವಳ ಬೆರಳು ನಿಂತಿತು.

"ನನಗ ಗೊತ್ತಿತ್ತಪ್ಪಾ."

"ಏನ ಗೊತ್ತಿತ್ತ? ಯಾವಾಗಿಂದ?"

"ಅವತ್ತಿಂದನ. ಆಟ ಮುಗದ ಮ್ಯಾಲೆ ಆ ಹುಡಗಿ ಕೈ ಕೊಟ್ಟು ಕೇಳಿದ್ಲು, ಕೋಟಿ ಯಾಕ ಕಟ್ಟಲಿಲ್ಲ ಅಂತ. ಶಹಾ ಬಿದ್ದಿತ್ತಲ್ಲ ಅಂದೆ. ಆಕಿ ನಗಲಿಲ್ಲ ಪಾಪ. ಬಾಳಾಸಾಹೇಬ ಸರ್ ಹತ್ರ ಕರ್ಕೊಂಡ ಹೋದ್ಲು. ಸರ್ ತಿಳಿಸಿ ಹೇಳಿದ್ರು."

ಪಾಯಪ್ಪ ತಂಬಿಗೆ ಕೆಳಗಿಟ್ಟ. "ಮತ್ತ ರೈಲಿನ್ಯಾಗ ಯಾಕ ಹೇಳಲಿಲ್ಲ? ನಾ ಊರ ತುಂಬ ನೀ ಅಂಜಿದಿ ಅಂತ ಹೇಳ್ಕೋತ ಅಡ್ಡ್ಯಾಡಿದ್ನಿ. ಬಾಯಿ ಮುಚ್ಚಿಸಬಾರದಿತ್ತ?"

"ಹೇಳಿದ್ರ ನೀ ಉಳೀತಿರಲಿಲ್ಲಪ್ಪಾ. ನನಗ ಸೋತದ್ದರ ದುಕ್ಕ ಒಂದು. ನಿನಗ ಎರಡ ಆಗತಿದ್ವು."

"ಅದಕ್ಕ ಆಟಾನ ಬಿಟ್ಟೀಯೇನ ನೀ?"

ರಾಜಮತಿ ಮತ್ತೆ ಮೊರಕ್ಕೆ ಕೈ ಹಾಕಿದಳು. ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. "ಆಡಿದ್ರ ನೀ ಶಹಾ ಕೊಡಾಂವನ. ತಿಳದ ತಿಳದ ನಾ ರಾಜನ್ನ ನಡಸ್ಕೊಂಡ ಹೋಗಾಕ ಆಗತಿರಲಿಲ್ಲ. ಒಂದಿಲ್ಲೊಂದ ದಿನ ಕೋಟಿ ಕಟ್ಟೇ ಕಟ್ಟತಿದ್ನಿ. ನಿನಗ ಗೊತ್ತಾಗತಿತ್ತು."

ಪಾಯಪ್ಪ ಗೋಡೆಗೆ ಒರಗಿ ಮಗುವಿನಂತೆ ಅತ್ತ. ಏಳು ವರ್ಷ ಈ ಹುಡುಗಿ ಅಪ್ಪನ ಮಾನ ಕಾಯಲೆಂದು ತನಗೆ ಜೀವಕ್ಕಿಂತ ಹೆಚ್ಚಾಗಿದ್ದ ಆಟವನ್ನು ನುಂಗಿಕೊಂಡು ಕೂತಿದ್ದಳು, ಮತ್ತು ಅವನು ಬಂದು ಬಂದು ಅವಳನ್ನೇ ಕರೆದು ಕರೆದು ಕಾಡಿದ್ದ. ರಾಜಮತಿ ಅವನ ಬೆನ್ನ ಮೇಲೆ ಕೈಯಿಟ್ಟು, ಸೆರಗಿನಿಂದ ಅವನ ಮುಖ ಒರೆಸಿದಳು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವನು ಕೇಳಿದ, "ಈಗ ಮುಚ್ಚೂದು ಏನೂ ಉಳಿಲಿಲ್ಲ. ಈಗರ ಆಡ್ತೀಯೇನವ್ವಾ?"

ಅವಳು ಎದ್ದು ಹೋಗಿ ಪೆಟ್ಟಿಗೆಯಿಂದ ಪಟ ತಂದಳು. ಬಿಳಿ ಕಾಯಿ ಅವಳಿಗೆ ಕೊಟ್ಟು ಪಾಯಪ್ಪ ಕಪ್ಪು ಇಟ್ಟುಕೊಂಡ. ಅವಳು ವಜೀರನ ಪ್ಯಾದೆ ಎತ್ತಿದಳು, ಬಾಜೂದನ್ನೂ ಎತ್ತಿದಳು. ಅವನು ಒಂಟೆ ಓಡಿಸಿ ಶಹಾ ಕೊಟ್ಟ. ಅವಳು ಒಂಟೆ ಅಡ್ಡ ಇಟ್ಟಳು. ಒಂಬತ್ತನೆಯ ನಡೆಗೆ ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಆಚೆ ದಾಟಿಸಿ ಕೂಡಿಸಿದಳು. ಪಾಯಪ್ಪನಿಗೆ ಎದೆ ತುಂಬಿ ಬಂತು. ಇನ್ನು ಆಮೇಲಿನದು ಅವಳದೇ ರಾಜ್ಯ, ತನ್ನನ್ನು ಹದಿನೈದು ನಡೆಯಲ್ಲಿ ಮಲಗಿಸುತ್ತಾಳೆ ಎಂದು ಬೆನ್ನು ನೆಟ್ಟಗೆ ಮಾಡಿ ಕೂತ.

ಹನ್ನೆರಡನೆಯ ನಡೆಗೆ ರಾಜಮತಿ ವಜೀರನನ್ನು ತಂದು ಅವನ ಕುದುರೆಯ ಬಾಯಿಗೆ ಇಟ್ಟಳು.

ಪಾಯಪ್ಪ ತಲೆಯೆತ್ತಿ ಅವಳ ಮುಖ ನೋಡಿದ. ಮತ್ತೆ ತನಗಾಗಿ ಸೋಲುತ್ತಿದ್ದಾಳೆಯೇ? "ರಾಜೀ, ಬ್ಯಾಡವ್ವಾ. ನನ್ನ ಸಲುವಾಗಿ ಬ್ಯಾಡ."

"ಏನ ಬ್ಯಾಡ?"

ಅವನು ಪಟ ತೋರಿಸಿದ. ಅವಳು ನೋಡಿದಳು. ಹುಬ್ಬು ಗಂಟಿಕ್ಕಿ ಎಡ, ಬಲ, ಮೂಲೆ ಎಲ್ಲ ನೋಡಿದಳು. ಕಡೆಗೆ ಅವನೇ ಕುದುರೆಯ ಮೇಲೆ ಬೆರಳಿಟ್ಟು, ಎರಡು ಮನೆ ಮುಂದೆ, ಒಂದು ಮನೆ ಬದಿಗೆ ಬೆರಳನ್ನಷ್ಟೇ ಎಳೆದು ವಜೀರನ ಮೇಲೆ ತಂದು ನಿಲ್ಲಿಸಿದ.

"ಅಯ್ಯ, ಕುದರಿ ಕಾಣಲೇ ಇಲ್ಲ ನನಗ" ಎಂದು ಅವಳು ಗಲ್ಲಕ್ಕೆ ಕೈ ಹಚ್ಚಿದಳು. ಮುಖದಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ.

"ತಿರಗಿ ತಗೋ. ಬ್ಯಾರೆ ನಡಿ ಆಡ."

"ಬ್ಯಾಡಪ್ಪಾ. ಮೊದಲ ತಲಿ ಓಡೂದಿಲ್ಲ ಅಂತ ನಿನಗ ಸುಳ್ಳ ಹೇಳತಿದ್ನಿ. ಈಗ ಖರೇನ ಓಡೂದಿಲ್ಲ." ಅವಳು ನಕ್ಕಳು. "ಹೊಡಿ, ಪರವಾಗಿಲ್ಲ."

ಇಬ್ಬರ ನಡುವೆ ಇನ್ನೊಂದು ಸುಳ್ಳು ಬೇಡವೆಂದು ಪಾಯಪ್ಪ ಕುದುರೆ ಎತ್ತಿ ಮಗಳ ವಜೀರನನ್ನು ಹೊಡೆದ. ರಾಜಮತಿ ಪಟದ ಮೇಲೆ ಬಾಗಿ, ಮುಂದೇನು ಆಡಬೇಕೆಂದು ತಿಳಿಯದೆ ಬಹಳ ಹೊತ್ತು ಹುಡುಕುತ್ತಲೇ ಇದ್ದಳು.